ತೊಟ್ಟಿಲಿನಲ್ಲಿ ಓಪಲ್ ಅವರು

ಓಪಲ್ ಡನಿಂಗ್ ಎಷ್ಟನೆಯ ಪುಟದಲ್ಲಿ ‘ಅವಳು’ ಹೋಗಿ ‘ಅವರು’ ಆಗಬೇಕು ಎಂಬ ಪ್ರಶ್ನೆ ಅಮೆರಿಕದ ಅರೋರಾ ಊರಿನ ಗಿರೀಶ ಅವರ ಬೇಸ್‌ಮೆಂಟಿನಲ್ಲಿ ಎರಡು ಭಾನುವಾರಗಳನ್ನು ನುಂಗಿತು.

ಓಪಲ್ ಡೆಟ್ರಾಯಿಟ್‌ನ ಕವಯಿತ್ರಿ. ಕಾರ್ ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದವರು. ಊಟದ ಬಿಡುವಿನಲ್ಲಿ, ಕವರಿಗೆ ಕಟ್ಟುವ ರಟ್ಟಿನ ಚೀಟಿಗಳ ಹಿಂಬದಿಯಲ್ಲಿ ಪದ್ಯ ಬರೆಯುತ್ತಿದ್ದರು. ಅವು ಎರಡು ತೆಳು ಸಂಕಲನಗಳಾಗಿ ಬಂದವು. ಈಗ ಅವರಿಲ್ಲ. ಅವರ ಬದುಕನ್ನು ಎಂಟು ಹತ್ತು ವರ್ಷದ ಮಕ್ಕಳಿಗೆ ಚಿತ್ರಗಳ ಜೊತೆ ಕನ್ನಡದಲ್ಲಿ ಹೇಳುವ ಪುಸ್ತಕ ಫಾಕ್ಸ್ ನದಿ ಕನ್ನಡ ಬಳಗದ ಹೊಸ ಯೋಜನೆಯಾಗಿತ್ತು.

ಯೋಜನೆ ಬಳಗದ ಅಧ್ಯಕ್ಷ ಗಿರೀಶ ಅವರದು. ವಾರವಿಡೀ ಒಂದು ವಿಮಾ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವ ಅವರು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಕನ್ನಡನಾಡಿನ ಕವಿಗಳ ಪಾಠ ಬಂದಾಗ ಇಡೀ ತರಗತಿ ಆಕಳಿಸುವುದನ್ನು ಕಂಡು ಅವರಿಗೆ ಈ ಉಪಾಯ ಹೊಳೆದಿತ್ತು. ಹಿಮ ಮಕ್ಕಳಿಗೆ ಗೊತ್ತು, ಹಳದಿ ಬಸ್ಸು ಗೊತ್ತು, ಡೆಟ್ರಾಯಿಟ್ ಗೊತ್ತು. ಗೊತ್ತಿಲ್ಲದ್ದು ಕನ್ನಡ ಒಂದೇ. ಹಾಗಾಗಿ ಅಮೆರಿಕದ ಕವಿಗಳ ಸಚಿತ್ರ ಜೀವನಚರಿತ್ರೆ ಮಾಲೆ. ದೊಡ್ಡ ದೊಡ್ಡ ಕವಿಗಳ ಹಕ್ಕು ಹೊಂದಿದವರು ಗಿರೀಶ ಅವರ ಇ-ಮೇಲಿಗೆ ಉತ್ತರಿಸಲಿಲ್ಲ. ಓಪಲ್ ಅವರ ಮಗಳು ಫೋನ್ ಎತ್ತಿದರು. ಮಾಲೆಯ ಮೊದಲ ಕವಿಯ ಆಯ್ಕೆ ಹೀಗೆ ನಡೆಯಿತು.

ಬರೆಯುವ ಹೊಣೆ ಪದ್ಮ ಅವರಿಗೆ ಬಂತು. ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇರೆಯವರ ವರದಿ ತಿದ್ದಿ, ಈಗ ಅರೋರಾದಲ್ಲಿ ನೆಲೆಸಿರುವವರು ಅವರು. ಅಷ್ಟು ವರ್ಷಗಳಲ್ಲಿ ಅವರ ಹೆಸರು ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ, ಅದೂ ‘ಪದ್ಮಾವತಿ’ ಎಂದು ತಪ್ಪಾಗಿ. ಈ ಪುಸ್ತಕದ ಮುಖಪುಟದಲ್ಲಾದರೂ ಅದು ಸರಿಯಾಗಿ ಬರಬೇಕು ಎಂಬ ಆಸೆ ಅವರಿಗಿತ್ತು. ಯಾರಿಗೂ ಹೇಳಿರಲಿಲ್ಲ. ಆದರೆ ಮುಖಪುಟದ ಅಕ್ಷರ ಜೋಡಣೆಯನ್ನು ಮಾತ್ರ ಮತ್ತೆ ಮತ್ತೆ ತರಿಸಿಕೊಂಡು ನೋಡಿದ್ದರು.

ಸಂಗತಿಗಳ ವಿಷಯದಲ್ಲಿ ಪದ್ಮ ಅವರ ಜೊತೆ ಕೆಲಸ ಮಾಡುವುದು ಸುಲಭವಲ್ಲ. ಓಪಲ್ ಹುಟ್ಟಿದ್ದು ಟೆನೆಸಿಯ ಒಂದು ಬೆಟ್ಟದೂರಿನಲ್ಲಿ, ಜನವರಿಯಲ್ಲಿ. ಮೊದಲ ಪುಟದ ಚಿತ್ರದಲ್ಲಿ ಹಿಮ ಸುರಿಯಲಿ ಎಂದು ಗಿರೀಶ ಕೇಳಿದ್ದರು.

“ಅವತ್ತು ಮಳೆ,” ಎಂದಿದ್ದರು ಪದ್ಮ.

“ಜನವರಿ ಅಲ್ವಾ ಮೇಡಂ? ಮಕ್ಕಳಿಗೆ ಸ್ನೋ ಇಷ್ಟ.”

“ಆ ಊರಿನ ಪೇಪರ್ ತೆಗೆಸಿ ನೋಡಿದೀನಿ. ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಮಳೆ. ಮಕ್ಕಳಿಗೆ ಇಷ್ಟ ಅಂತ ಹವಾಮಾನ ಬದಲಾಗಲ್ಲ.”

ಇಂಥವರು ಬರೆದ ಮೊದಲ ವಾಕ್ಯ ಹೀಗಿತ್ತು: ‘ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಓಪಲ್ ಹುಟ್ಟಿದಳು.’ ಎಂಟನೆಯ ಪುಟದವರೆಗೂ ಓಪಲ್ ‘ಅವಳು’. ಕಾರ್ಖಾನೆ ಸೇರಿದ ದಿನದಿಂದ ‘ಅವರು’. ಇದು ಪದ್ಮ ಅವರ ಪತ್ರಿಕೆಯ ನಿಯಮ. ಹದಿನೆಂಟು ತುಂಬುವವರೆಗೆ ಏಕವಚನ, ಆಮೇಲೆ ಬಹುವಚನ. ಆರೋಪಿಯಾದರೆ ಮತ್ತೆ ಏಕವಚನ, ಖುಲಾಸೆಯಾದ ಮರುದಿನ ಮತ್ತೆ ಬಹುವಚನ. ಒಬ್ಬ ಪುರಸಭಾ ಸದಸ್ಯರನ್ನು ಅವರು ಒಂದೇ ವರ್ಷದಲ್ಲಿ ನಾಲ್ಕು ಸಲ ಆಚೀಚೆ ಮಾಡಿದ್ದುಂಟು.

ಗಿರೀಶ ಕರಡನ್ನು ಕೆಳಗಿಟ್ಟರು. “ಮೇಡಂ, ತಪ್ಪು ತಿಳೀಬೇಡಿ. ‘ಹುಟ್ಟಿದಳು’ ಅನ್ನೋದು ಸ್ವಲ್ಪ ಒಂಥರಾ ಇದೆ. ದೊಡ್ಡ ಕವಿ. ನಮ್ಮ ಪಠ್ಯಪುಸ್ತಕದಲ್ಲಿ ಎಲ್ಲಾರೂ ‘ಜನಿಸಿದರು’.”

“ಹುಟ್ಟುವಾಗ ದೊಡ್ಡ ಕವಿ ಆಗಿರಲಿಲ್ಲ ಗಿರೀಶ್. ಏಳು ಪೌಂಡ್ ಇತ್ತು ಮಗು.”

ಬಟಾಣಿ ಸುಲಿಯುತ್ತ ಕೂತಿದ್ದ ಗಿರೀಶ ಅವರ ತಾಯಿ ಲಲಿತಮ್ಮ ತಲೆಯೆತ್ತಿದರು. “ತೊಟ್ಟಿಲಲ್ಲಿ ಒದ್ದೆ ಮಾಡ್ಕೊಂಡು ಮಲಗಿರೋದಕ್ಕೂ ‘ಅವರು’ ಅನ್ಬೇಕೇನೋ? ನಿನ್ನನ್ನ ನಾನು ಯಾವತ್ತು ‘ಅವರು’ ಅಂದಿದ್ದೆ?”

“ಅಮ್ಮ, ನನ್ನ ಬಗ್ಗೆ ಯಾರೂ ಪುಸ್ತಕ ಬರೀತಿಲ್ಲ.”

“ಬರೆದ್ರೂ ಹುಟ್ಟಿದ ಅಂತಲೇ ಬರೀಲಿ. ನಂಗೆ ಗೊತ್ತಿಲ್ವಾ, ನಾನೇ ಇದ್ದೆ ಅಲ್ಲಿ.”

ಮೊದಲ ಭಾನುವಾರ ಹೀಗೆ ಮುಗಿಯಿತು. ಎರಡನೆಯ ಭಾನುವಾರ ಗಿರೀಶ ತಯಾರಾಗಿ ಬಂದಿದ್ದರು. ಅವರು ಗೌರವದ ಮಾತೆತ್ತಲಿಲ್ಲ, ಪದ್ಮ ಅವರದೇ ಮಾತನ್ನು ಎತ್ತಿಕೊಂಡರು. “ಒಂದು ಪುಸ್ತಕದಲ್ಲಿ ಎರಡು ಶೈಲಿ ಇರಬಾರದು ಅಂತ ಹೋದ ತಿಂಗಳು ನೀವೇ ಹೇಳಿದ್ರಿ. ‘ಕಾರು’ ಅಂದ್ರೆ ಕೊನೇವರೆಗೂ ‘ಕಾರು’, ‘ಕಾರ್’ ಅನ್ನಬಾರದು ಅಂತ. ಹಾಗಾದ್ರೆ ಎಂಟನೇ ಪುಟದವರೆಗೆ ‘ಅವಳು’, ಒಂಬತ್ತರಿಂದ ‘ಅವರು’ ಹೇಗೆ? ಮಕ್ಕಳು ಬೇರೆ ಯಾರೋ ಬಂದ್ರು ಅನ್ಕೋತಾರೆ.”

ಪದ್ಮ ಅವರು ಪೆನ್ನು ತೆಗೆದು ಮೊದಲ ಪುಟಕ್ಕೆ ಮರಳಿದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓಪಲ್ ‘ಅವರು’ ಎಂದು ತೀರ್ಮಾನವಾಯಿತು. ‘ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಓಪಲ್ ಅವರು ಹುಟ್ಟಿದರು. ತೊಟ್ಟಿಲಿನಲ್ಲಿ ಮಲಗಿ ಜೋರಾಗಿ ಅತ್ತರು.’ ಲಲಿತಮ್ಮ ಅದನ್ನು ಓದಿಸಿ ಕೇಳಿ, “ಪಾಪ, ದೊಡ್ಡವರು ಅಳಬಾರದು,” ಎಂದು ಬಟಾಣಿ ಎತ್ತಿಕೊಂಡು ಮೇಲೆ ಹೋದರು.

ಕರಡು ಚಿತ್ರ ಬರೆಯುವ ವಿನಿತಾಳಿಗೆ ಹೋಯಿತು. ವಿನಿತಾ ಗಿರೀಶ ಅವರ ಪರಿಚಯದ, ಡೆಟ್ರಾಯಿಟ್ ಬಳಿ ನಾರ್ತ್‌ವಿಲ್‌ನ ವಿಜಯ್ ಕುಮಾರ್ ಅವರ ಮಗಳು. ಮಿಶಿಗನ್‌ನಲ್ಲೇ ಹುಟ್ಟಿ ಬೆಳೆದವಳು. ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಂಪನಿಯಲ್ಲಿ ಕಾರಿನ ಬಾಗಿಲ ಹಿಡಿಗಳ ವಿನ್ಯಾಸ ಮಾಡುತ್ತಾಳೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಭಾನುವಾರದ ಕನ್ನಡ ತರಗತಿಗೆ ಹೋಗಿದ್ದಳು. ಅಕ್ಷರ ಕೂಡಿಸಿ ಓದುತ್ತಾಳೆ. ಇಂಗ್ಲಿಷ್ ಅನುವಾದ ಕಳಿಸುತ್ತೇವೆ ಎಂದಾಗ ಅವಳು ಬೇಡವೆಂದಳು. “ಇಟ್ಸ್ ಅ ಕನ್ನಡ ಬುಕ್, ಆಂಟಿ. ನಾನೇ ಓದ್ತೀನಿ.” ಪದ್ಮ ಅವರಿಗೆ ಆ ಮಾತು ಬಹಳ ಹಿಡಿಸಿತು.

ಇನ್ನು ಓಪಲ್ ಅವರ ಮಗಳು. ಡೋರೀನ್ ಎಂದು ಹೆಸರು, ವಯಸ್ಸು ಎಪ್ಪತ್ತನಾಲ್ಕು, ಊರು ಸ್ಟರ್ಲಿಂಗ್ ಹೈಟ್ಸ್. ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಆಡಿದ ಹಾಗೆಯೇ ಟೈಪ್ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಫೋನಿನಲ್ಲಿ ಹಾಕಿದ ಷರತ್ತು ಒಂದೇ. ಹಿಂದೆ ಯಾರೋ ತಾಯಿಯ ಬಗ್ಗೆ ಒಂದು ಕಿರುಪುಸ್ತಕ ತಂದು, ಹುಟ್ಟಿದ ಊರನ್ನು ತಪ್ಪಾಗಿ ಹಾಕಿ, ಯಾವುದೋ ಬೇರೆ ಹೆಂಗಸಿನ ಫೋಟೊ ಅಚ್ಚು ಮಾಡಿದ್ದರಂತೆ. “ನಿಮ್ಮ ಅಕ್ಷರ ನನಗೆ ಓದಲು ಬರುವುದಿಲ್ಲ. ಚಿತ್ರ ಓದಲು ಬರುತ್ತದೆ. ಎಲ್ಲ ಚಿತ್ರ ನೋಡಿದ ಮೇಲೆ ಸಹಿ. ನನ್ನ ತಾಯಿ ಅಲ್ಲಿ ಕಾಣದಿದ್ದರೆ ಸಹಿ ಇಲ್ಲ, ಪುಸ್ತಕವೂ ಇಲ್ಲ.”

ಪದ್ಮ ಅವರಿಗೆ ಇದು ನ್ಯಾಯವೆನಿಸಿತು. ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ ಎಂದರು.

ಚಿತ್ರಗಳು ತಯಾರಾದ ಶನಿವಾರ ಗಿರೀಶ ಅವರ ಕಾರಿನಲ್ಲಿ ಇಬ್ಬರೂ ಅರೋರಾದಿಂದ ಹೊರಟರು. ಡೋರೀನ್ ಮೂರು ಗಂಟೆಗೆ ಬರಹೇಳಿದ್ದರು. ಮೊದಲು ವಿನಿತಾಳ ಅಪಾರ್ಟ್‌ಮೆಂಟಿಗೆ ಹೋಗಿ ಚಿತ್ರಗಳನ್ನು ನೋಡಿ, ಅವಳನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

“ನೀವು ನೋಡಿದೀರಲ್ಲ ಚಿತ್ರ?” ಇಂಡಿಯಾನಾ ದಾಟುವಾಗ ಪದ್ಮ ಕೇಳಿದರು. ವಿನಿತಾ ಕಳಿಸಿದ್ದ ಲಿಂಕ್ ಗಿರೀಶ ಅವರ ಖಾತೆಯಿಂದ ಮಾತ್ರ ತೆರೆಯುತ್ತಿತ್ತು. ಪದ್ಮ ಅವರ ಕಂಪ್ಯೂಟರ್ ಅದನ್ನು ಕೊನೆಗೂ ಒಳಗೆ ಬಿಟ್ಟುಕೊಂಡಿರಲಿಲ್ಲ.

“ಫೋನಲ್ಲಿ ನೋಡ್ದೆ ಮೇಡಂ. ಸೂಪರ್.”

“ಊಟದ ಡಬ್ಬಿ ಹಸಿರು ಇದೆಯಾ?”

“ಹಸಿರು. ಚೆನ್ನಾಗಿ ಕಾಣತ್ತೆ. ಎರಡೆರಡು ಇದೆ.”

“ಎರಡು ಯಾಕೆ?”

“ಫ್ಯಾಕ್ಟರಿ ಅಲ್ವಾ? ಪಕ್ಕದಲ್ಲಿ ಯಾರದೋ ಇರ್ಬೇಕು.”

ಮಿಶಿಗನ್ ಗಡಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಿರೀಶ ಅವರ ಫೋನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು. ಗಿರೀಶ ಅದನ್ನು ನೋಡಿ ಉಸಿರೆಳೆದುಕೊಂಡು ಆಕ್ಸಿಲರೇಟರ್ ಒತ್ತಿದರು. ಎರಡು ರಾಜ್ಯಗಳ ಈ ಸಮಯದ ವ್ಯತ್ಯಾಸವನ್ನು ಪದ್ಮ ವಾರದ ಹಿಂದೆಯೇ ಅವರಿಗೆ ಇ-ಮೇಲ್ ಮಾಡಿದ್ದರು.

ವಿನಿತಾ ಊಟದ ಮೇಜನ್ನು ಖಾಲಿ ಮಾಡಿ ಹಾಳೆಗಳನ್ನು ಸಾಲಾಗಿ ಹರಡಿದ್ದಳು. ಜಲವರ್ಣದ ಚಿತ್ರಗಳು. ಪದ್ಮ ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಶುರು ಮಾಡಿದರು. ಮಳೆ ಇತ್ತು. ಕಿಟಕಿಯಾಚೆ ಟೆನೆಸಿಯ ಬೆಟ್ಟ ಇತ್ತು. ತೊಟ್ಟಿಲು ಆ ಕಾಲದ್ದೇ. ತೊಟ್ಟಿಲಿನಲ್ಲಿ ಎರಡು ಮಕ್ಕಳು ಬಾಯಿ ತೆರೆದು ಅಳುತ್ತಿದ್ದವು.

ಪದ್ಮ ಎರಡನೆಯ ಹಾಳೆ ನೋಡಿದರು. ಇಬ್ಬರು ಹುಡುಗಿಯರು ಶಾಲೆಗೆ ಹೋಗುತ್ತಿದ್ದರು. ಮೂರನೆಯದರಲ್ಲಿ ಇಬ್ಬರು ಡೆಟ್ರಾಯಿಟ್ ಬಸ್ಸಿನಿಂದ ಇಳಿಯುತ್ತಿದ್ದರು. ಕಾರ್ಖಾನೆಯಲ್ಲಿ ಇಬ್ಬರು ಯುವತಿಯರು ಅಕ್ಕಪಕ್ಕದ ಯಂತ್ರಗಳಲ್ಲಿ ಸೀಟು ಹೊಲಿಯುತ್ತಿದ್ದರು. ಯಂತ್ರದ ಮಾದರಿ ಸರಿ, ತಲೆಗೆ ಕಟ್ಟಿದ ಬಟ್ಟೆ ಸರಿ, ಡಬ್ಬಿಯ ಬಣ್ಣ ಸರಿ. ಪದ್ಮ ಆರು ತಿಂಗಳು ಹುಡುಕಿ ಕೊಟ್ಟ ಸಂಗತಿಗಳೆಲ್ಲ ಅಲ್ಲಿದ್ದವು. ಎಲ್ಲವೂ ಸರಿಯಿತ್ತು, ಎರಡೆರಡು ಸಲ ಸರಿಯಿತ್ತು.

“ವಿನಿತಾ, ಇವಳು ಯಾರಮ್ಮ?”

“ಓಪಲ್.”

“ಇವಳು?”

“ಓಪಲ್.” ವಿನಿತಾ ಪದ್ಮ ಅವರ ಮುಖ ನೋಡಿ ಸ್ವರ ತಗ್ಗಿಸಿದಳು. “ಟ್ವಿನ್ಸ್ ಅಲ್ವಾ?”

ಗಿರೀಶ ಕುರ್ಚಿ ಎಳೆದುಕೊಂಡು ಕೂತರು.

“ಯಾರು ಹೇಳಿದ್ದು ಟ್ವಿನ್ಸ್ ಅಂತ?” ಪದ್ಮ ಕೇಳಿದರು.

“ನೀವೇ, ಆಂಟಿ!” ವಿನಿತಾ ಕರಡು ತಂದು ಮೊದಲ ವಾಕ್ಯದ ಮೇಲೆ ಬೆರಳಿಟ್ಟಳು. “‘ಓಪಲ್ ಅವರು ಹುಟ್ಟಿದರು.’ ಅಜ್ಜಿಗೆ ‘ಅವರು’ ಅಂತೀವಿ, ಐ ನೋ ದಟ್. ಡ್ಯಾಡ್‌ಗೆ, ನಿಮಗೆ, ಎಲ್ಲಾ ಓಲ್ಡ್ ಪೀಪಲ್‌ಗೆ.”

“ಹೂಂ,” ಎಂದರು ಪದ್ಮ.

“ಸಾರಿ. ಬಟ್ ಇದು ಬೇಬಿ! ಬೇಬಿಗೆ ಯಾರು ‘ಅವರು’ ಅಂತಾರೆ? ನನ್ನ ಲೈಫಲ್ಲಿ ಯಾರೂ ಬೇಬಿಗೆ ‘ಅತ್ತರು’ ಅಂದಿದ್ದು ಕೇಳಿಲ್ಲ. ಸೋ, ಒಬ್ಬಳಲ್ಲ. ದೇ ವರ್ ಬಾರ್ನ್. ದೇ ಕ್ರೈಡ್.”

ಪದ್ಮ ಅವರು ಗಿರೀಶ ಅವರ ಕಡೆ ನೋಡಿದರು. ಗಿರೀಶ ಛಾವಣಿಯ ಕಡೆ ನೋಡಿದರು.

“ಹೆಸರು ಒಂದೇ ಇದೆಯಲ್ಲಮ್ಮ?”

“ಸರ್‌ನೇಮ್ ಥರ ಅನ್ಕೊಂಡೆ. ಲೈಕ್, ದಿ ಓಪಲ್ಸ್.”

“ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?”

“ಗಿರೀಶ್ ಅಂಕಲ್‌ಗೆ ಟೆಕ್ಸ್ಟ್ ಮಾಡಿದ್ದೆ. ‘ಇಬ್ಬರಿಗೂ ಸೇಮ್ ಡ್ರೆಸ್ ಹಾಕ್ಲಾ’ ಅಂತ. ಥಂಬ್ಸ್ ಅಪ್ ಬಂತು.”

“ನಾನು ಮೀಟಿಂಗಲ್ಲಿದ್ದೆ,” ಎಂದರು ಗಿರೀಶ.

ಪದ್ಮ ಮತ್ತೊಂದು ಹಾಳೆ ಎತ್ತಿದರು. ‘ಫೋರ್‌ಮನ್ ಬಂದರು. ಚೀಟಿಗಳನ್ನು ಕಿತ್ತುಕೊಂಡು ಕಸದ ಡಬ್ಬಿಗೆ ಎಸೆದರು’ ಎಂಬ ಪುಟದ ಚಿತ್ರ ಅದು. ಅದರಲ್ಲಿ ಟೈ ಕಟ್ಟಿದ ಐದು ಜನ ಫೋರ್‌ಮನ್‌ಗಳು ಸಾಲಾಗಿ ನಿಂತು ಇಬ್ಬರು ಓಪಲ್‌ಗಳನ್ನು ಗದರಿಸುತ್ತಿದ್ದರು.

“ಇವರು ಯಾಕೆ ಐದು?”

“ಎಷ್ಟು ಜನ ಅಂತ ಹೇಳಿರಲಿಲ್ಲ. ಮ್ಯಾನೇಜ್‌ಮೆಂಟ್ ಅನ್ಕೊಂಡೆ.”

ತಪ್ಪು ವಿನಿತಾಳದ್ದಲ್ಲ ಎಂಬುದು ಪದ್ಮ ಅವರಿಗೆ ಸ್ಪಷ್ಟವಾಗಿತ್ತು. ಅವಳ ತರ್ಕದಲ್ಲಿ ಬಿರುಕಿರಲಿಲ್ಲ. ಕನ್ನಡ ಗೊತ್ತಿರುವವರು ಗಮನಿಸದೆ ದಾಟಿಹೋಗುವುದನ್ನು ಅವಳು ಅಕ್ಷರ ಕೂಡಿಸಿ ಓದಿದ್ದಳು. ಹಾಗಂತ ಡೋರೀನ್ ಅವರ ಮುಂದೆ ಇದನ್ನು ಹೇಗೆ ಇಡುವುದು? ಒಮ್ಮೆ ಬೇರೆ ಹೆಂಗಸಿನ ಫೋಟೊ ನೋಡಿ ನೊಂದವರು. ಈಗ ಪುಟಪುಟಕ್ಕೂ ಒಬ್ಬ ಬೇರೆ ಹೆಂಗಸು.

ಗಿರೀಶ ಚೇತರಿಸಿಕೊಂಡರು. “ಮೇಡಂ, ಒಂದು ಕೆಲಸ ಮಾಡೋಣ. ಒಬ್ಬಳು ಓಪಲ್, ಇನ್ನೊಬ್ಬಳು ಅವಳ ಕವಿತೆ ಅಂದ್ಬಿಡೋಣ. ಸಾಂಕೇತಿಕ.”

“ಕವಿತೆ ಊಟದ ಡಬ್ಬಿ ಯಾಕೆ ತರತ್ತೆ?”

“ಅಂತರಾತ್ಮ?”

“ಗಿರೀಶ್, ಆಕೆ ಕೋರ್ಟಲ್ಲಿ ಇದ್ದವರು. ಇಂಥದ್ದನ್ನ ದಿನಕ್ಕೆ ಹತ್ತು ಟೈಪ್ ಮಾಡಿರ್ತಾರೆ.” ಪದ್ಮ ಹಾಳೆಗಳನ್ನು ಪುಟದ ಕ್ರಮಕ್ಕೆ ಜೋಡಿಸತೊಡಗಿದರು. “ಆದದ್ದನ್ನ ಆದ ಹಾಗೆ ಹೇಳೋದು. ಸಹಿ ಹಾಕಲಿಲ್ಲ ಅಂದ್ರೆ ವಾಪಸ್ ಬರೋದು.”

“ನಾನೂ ಬರ್ತೀನಿ,” ಎಂದಳು ವಿನಿತಾ. ಅವಳ ಮೂಗು ಕೆಂಪಾಗಿತ್ತು.

ಡೋರೀನ್ ಅವರದು ಇಟ್ಟಿಗೆಯ ಚಿಕ್ಕ ಮನೆ. ಅಡುಗೆಮನೆಯ ಮೇಜಿನ ಮೇಲೆ ಕಾಫಿ, ಒಂದು ಭೂತಗನ್ನಡಿ, ಕೆತ್ತಿದ ಪೆನ್ಸಿಲ್ ಸಿದ್ಧವಾಗಿದ್ದವು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಪದ್ಮ ಅವರ ತಲೆಯೊಳಗೆ ಅದು ಅಲ್ಲಲ್ಲೇ ಕನ್ನಡವಾಗುತ್ತಿತ್ತು, ತಮಗೆ ‘ನೀವು’, ವಿನಿತಾಳಿಗೆ ‘ನೀನು’ ಎಂದು.

ಮೊದಲ ಹಾಳೆಯನ್ನು ಡೋರೀನ್ ಬಹಳ ಹೊತ್ತು ನೋಡಿದರು. “ಮಳೆ,” ಎಂದರು. “ಎಲ್ಲರೂ ಹಿಮ ಅಂದುಕೊಳ್ಳುತ್ತಾರೆ. ಅಜ್ಜಿ ಯಾವಾಗಲೂ ಮಳೆ ಅಂತಿದ್ದಳು.” ಆಮೇಲೆ ಭೂತಗನ್ನಡಿ ತೊಟ್ಟಿಲಿಗೆ ಬಂತು. ಒಂದು ಮಗುವಿನ ಮೇಲೆ ನಿಂತಿತು. ಪಕ್ಕಕ್ಕೆ ಸರಿಯಿತು. “ಇದು ಯಾರು?”

ಪದ್ಮ ಬಾಯಿ ತೆರೆದರು. ದಾರಿಯಲ್ಲಿ ಕಟ್ಟಿಕೊಂಡ ವಾಕ್ಯ ಸಿದ್ಧವಿತ್ತು, ಆದರೆ ವಿನಿತಾ ಮುಂದಾದಳು.

“ಅದೂ ನಿಮ್ಮ ತಾಯಿ. ತಪ್ಪು ನಂದು. ನಮ್ಮ ಭಾಷೆಯಲ್ಲಿ ಯಾರಿಗಾದರೂ ಗೌರವ ಕೊಟ್ಟರೆ ಅವರ ಬಗ್ಗೆ ಹಲವರು ಇದ್ದ ಹಾಗೆ ಮಾತಾಡ್ತಾರೆ. ನಿಮ್ಮ ತಾಯಿಗೆ ಹುಟ್ಟಿದಾಗಿನಿಂದಲೇ ಗೌರವ ಕೊಟ್ಟಿದ್ದರು. ನಾನು ನಿಜವಾಗಿ ಹಲವರು ಅಂದುಕೊಂಡೆ.”

“ಹುಟ್ಟಿದಾಗಿನಿಂದ?”

“ಕಮಿಟಿಯಲ್ಲಿ ತೀರ್ಮಾನ ಆಯಿತು,” ಎಂದರು ಗಿರೀಶ.

ಡೋರೀನ್ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಶಾಲೆ, ಬಸ್ಸು, ಹೊಲಿಗೆ ಯಂತ್ರ. ಒಂದು ಪುಟದಲ್ಲಿ ಇಬ್ಬರು ಓಪಲ್‌ಗಳು ಒಂದೇ ಚೀಟಿಯ ಮೇಲೆ ಬಾಗಿ ಬರೆಯುತ್ತಿದ್ದರು. ಕೆಳಗೆ ಪದ್ಮ ಅನುವಾದಿಸಿದ ಸಾಲುಗಳಿದ್ದವು: ‘ನಾನು ಹೊಲಿದ ಸೀಟಿನಲ್ಲಿ ಕೂತು ಯಾರೋ ಫ್ಲಾರಿಡಾಕ್ಕೆ ಹೋಗುತ್ತಿದ್ದಾರೆ, ನನ್ನ ಬೆನ್ನು ಮಾತ್ರ ಇಲ್ಲೇ ಇದೆ.’ ಡೋರೀನ್ ಅದನ್ನು ಓದಿಸಿ ಕೇಳಿದರು. ಅರ್ಥವಾಗದಿದ್ದರೂ ಕೊನೆಯವರೆಗೂ ಕೇಳಿದರು.

ಐದು ಫೋರ್‌ಮನ್‌ಗಳ ಪುಟ ಬಂತು.

“ಇದೇನು?”

“ಅವರಿಗೂ ಗೌರವ,” ಎಂದಳು ವಿನಿತಾ.

“ಇವನಿಗೆ?” ಡೋರೀನ್ ಮೊದಲ ಸಲ ಸ್ವರ ಏರಿಸಿದರು. “ಅಮ್ಮನಿಗೆ ಎರಡು, ಇವನಿಗೆ ಐದಾ?”

ಪದ್ಮ ಪತ್ರಿಕೆಯ ನಿಯಮ ವಿವರಿಸಿದರು. ವಯಸ್ಕರಿಗೆಲ್ಲ ಬಹುವಚನ, ಆರೋಪ ಇದ್ದವರಿಗೆ ಮಾತ್ರ ಏಕವಚನ, ಈ ಫೋರ್‌ಮನ್ ಮೇಲೆ ಯಾವ ಆರೋಪವೂ ದಾಖಲಾಗಿಲ್ಲ.

“ನಾನು ದಾಖಲಿಸುತ್ತೇನೆ.”

“ಸಾಕ್ಷಿ ಬೇಕಾಗುತ್ತದೆ,” ಎಂದರು ಪದ್ಮ. ಅದು ಅವರ ಬಾಯಿಂದ ಅಭ್ಯಾಸಬಲದಿಂದ ಬಂತು. ಗಿರೀಶ ಕಣ್ಣು ಮುಚ್ಚಿಕೊಂಡರು.

ಡೋರೀನ್ ಅವರಿಗೆ ಕೋಪ ಬರಲಿಲ್ಲ. ಬೆನ್ನು ನೇರ ಮಾಡಿ ಕೂತರು. “ಕಾಲೇಜಿನ ಒಂದು ಬೇಸಿಗೆ ರಜೆಯಲ್ಲಿ ನಾನೂ ಅದೇ ಹೊಲಿಗೆ ಲೈನಿನಲ್ಲಿ ಕೆಲಸಕ್ಕಿದ್ದೆ. ಅಮ್ಮನಿಗೆ ಆಗ ನಲವತ್ತೆರಡು, ಒಂದು ಪುಸ್ತಕ ಬಂದಿತ್ತು. ಅವನು ಅಮ್ಮನನ್ನೂ ‘ಏ ಹುಡುಗಿ’ ಅಂತಿದ್ದ, ನನ್ನನ್ನೂ ‘ಏ ಹುಡುಗಿ’ ಅಂತಿದ್ದ. ಯಾರನ್ನು ಕರೆದ ಅಂತ ಗೊತ್ತಾಗದೆ ಇಬ್ಬರೂ ತಿರುಗುತ್ತಿದ್ದೆವು. ಚೀಟಿ ಎಸೆದದ್ದನ್ನು ನಾನು ನೋಡಿದೆ. ಕಸದ ಡಬ್ಬಿಯಿಂದ ಆರಿಸಿ ತಂದವಳೂ ನಾನೇ. ಸಾಕೋ?”

ಪದ್ಮ ಪೆನ್ನು ತೆಗೆದು ಕರಡಿನಲ್ಲಿ ‘ಬಂದರು’ ಹೊಡೆದು ‘ಬಂದ’ ಮಾಡಿದರು. ‘ಎಸೆದರು’ ಎಂಬುದು ‘ಎಸೆದ’ ಆಯಿತು. ಅಂಚಿನಲ್ಲಿ ಹೊಸದಾಗಿ ‘ಪ್ರತ್ಯಕ್ಷದರ್ಶಿ: ಮಗಳು’ ಎಂದು ಗುರುತು ಹಾಕಿಕೊಂಡರು.

“ಒಬ್ಬನನ್ನೇ ಬರೀತೀನಿ,” ಎಂದಳು ವಿನಿತಾ.

“ಕುಳ್ಳ,” ಎಂದರು ಡೋರೀನ್. “ಅದು ಅಭಿಪ್ರಾಯ ಅಲ್ಲ, ನಿಜವಾಗಿ ಕುಳ್ಳ.”

ಹದಿನಾಲ್ಕನೆಯ ಪುಟಕ್ಕೆ ಬಂದಾಗ ಭೂತಗನ್ನಡಿ ಮತ್ತೆ ನಿಂತಿತು. ಎಡಗಡೆ ಕಾರ್ಖಾನೆ, ಸಂಜೆಯ ಪಾಳಿ, ಯಂತ್ರಗಳ ಮುಂದೆ ಇಬ್ಬರು ಓಪಲ್‌ಗಳು. ಬಲಗಡೆ ಮನೆಯ ಕಿಟಕಿ. ಕಿಟಕಿಯ ಹಿಂದೆ ಆರು ವರ್ಷದ ಡೋರೀನ್ ಒಬ್ಬಳೇ ಕೂತು ಅಳುತ್ತಿದ್ದಳು. ಮೈಮೇಲೆ ಶಾಲೆಯ ನಾಟಕದ ಮೊಲದ ವೇಷ. ಫೋನಿನಲ್ಲಿ ಡೋರೀನ್ ಅವರೇ ಹೇಳಿದ್ದ ಸಂಗತಿ ಅದು.

“ಕಿವಿ ಸರಿ ಇದೆ,” ಎಂದರು ಡೋರೀನ್. “ಒಂದು ಕಿವಿ ಹೀಗೇ ಬಾಗಿತ್ತು.” ಸ್ವಲ್ಪ ತಡೆದು, “ಅಮ್ಮ ನಿಜವಾಗಿ ಇಬ್ಬರಿದ್ದಿದ್ದರೆ ಒಬ್ಬಳಾದರೂ ನಾಟಕಕ್ಕೆ ಬರುತ್ತಿದ್ದಳು.”

ಅವರು ಭೂತಗನ್ನಡಿಯನ್ನು ಕಾರ್ಖಾನೆಯಿಂದ ಮತ್ತೆ ಕಿಟಕಿಗೆ ತಂದರು.

“ಅಲ್ಲ, ನಾನು ಯಾಕೆ ಇಲ್ಲಿ ಒಬ್ಬಳೇ?”

“ಅತ್ತಳು ಅಂತ ಇತ್ತು,” ಎಂದಳು ವಿನಿತಾ. “ಅತ್ತರು ಅಂತ ಇರಲಿಲ್ಲ.”

“ಅಂದರೆ?”

“ಅಂದರೆ ಏಕವಚನ,” ಎಂದರು ಪದ್ಮ. “ಹದಿನೆಂಟು ತುಂಬಿರಲಿಲ್ಲ.”

“ಮೊದಲ ಪುಟದಲ್ಲಿ ನನ್ನ ತಾಯಿಗೆ ಎಷ್ಟು ವಯಸ್ಸು?”

ಪದ್ಮ ಅವರು ಕರಡನ್ನು ಮೊದಲ ಪುಟಕ್ಕೆ ತಿರುವಿದರು. ಒಂದು ಪುಸ್ತಕದಲ್ಲಿ ಎರಡು ಶೈಲಿ ಇರಬಾರದು ಎಂದು ಹೇಳಿದ್ದವರು ಅವರೇ. ಗಿರೀಶ ಮಾತ್ರ ಕಾಫಿಯ ಲೋಟದ ಹಿಂದೆ ಮುಖ ಅಡಗಿಸಿಕೊಂಡಿದ್ದರು.

“ನನ್ನ ನಿಲುವು ಇಷ್ಟು,” ಡೋರೀನ್ ಪೆನ್ಸಿಲನ್ನು ಮೇಜಿಗೆ ಸಮಾನಾಂತರವಾಗಿ ಇಟ್ಟರು. “ನನ್ನ ತಾಯಿ ಈ ಚಿತ್ರಗಳಲ್ಲಿ ಇದ್ದಾಳೆ. ಮೂಗು ಅವಳದೇ, ಭುಜ ಅವಳದೇ. ಎಲ್ಲೆಡೆ ಒಬ್ಬಳು ಹೆಚ್ಚಿದ್ದಾಳೆ. ಬದುಕಿದ್ದಾಗ ಯಾರೂ ಅವಳನ್ನು ಪೂರ್ತಿ ಒಬ್ಬಳು ಅಂತಲೂ ಎಣಿಸಲಿಲ್ಲ, ಇಲ್ಲಿ ಒಬ್ಬಳು ಹೆಚ್ಚಿದ್ದರೆ ನನಗೆ ತೊಂದರೆಯಿಲ್ಲ. ಆದರೆ ಓದುವ ಮಕ್ಕಳಿಗೆ ಸುಳ್ಳು ಹೇಳಬಾರದು.”

“ಸ್ಪಷ್ಟನೆ ಹಾಕುತ್ತೇನೆ,” ಎಂದರು ಪದ್ಮ. “ಮೊದಲ ಪುಟಕ್ಕಿಂತ ಮುಂಚೆ.” ಅಲ್ಲೇ ಬರೆದು, ಅರ್ಥ ಹೇಳುತ್ತ ಓದಿದರು: ‘ಸ್ಪಷ್ಟನೆ: ಓಪಲ್ ಡನಿಂಗ್ ಅವರು ಒಬ್ಬರೇ. ಚಿತ್ರಗಳಲ್ಲಿ ಇಬ್ಬರಿರುವುದು ಗೌರವಕ್ಕೆ.’ ಪತ್ರಿಕೆಯಲ್ಲಿ ಅವರು ನೂರಾರು ಸ್ಪಷ್ಟನೆ ಬರೆದಿದ್ದರು, ಎಲ್ಲವೂ ತಪ್ಪು ಅಚ್ಚಾದ ಮರುದಿನ, ಒಳಪುಟದ ಮೂಲೆಯಲ್ಲಿ. ಮೊದಲೇ ಅಚ್ಚಾಗುವ ಸ್ಪಷ್ಟನೆ ಇದೇ ಮೊದಲು.

“ಸರಿ. ಇನ್ನೊಂದು. ಆ ಕಿಟಕಿಯಲ್ಲಿ ನಾನೂ ಇಬ್ಬರಿರಬೇಕು. ಇಲ್ಲದಿದ್ದರೆ ಸಹಿ ಇಲ್ಲ.”

ಪದ್ಮ ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು. ಆರು ವರ್ಷದ ಮಗುವಿಗೆ ಬಹುವಚನ ಹಾಕಿದ್ದು ಗೊತ್ತಾದರೆ ಅವರ ಹಳೆಯ ಮುಖ್ಯ ಉಪಸಂಪಾದಕರು ಏನೆನ್ನುತ್ತಿದ್ದರು ಎಂಬುದು ಅವರಿಗೆ ಪದಶಃ ಗೊತ್ತಿತ್ತು. ‘ಡೋರೀನ್ ಅತ್ತಳು’ ಹೊಡೆದು ‘ಡೋರೀನ್ ಅವರು ಅತ್ತರು’ ಎಂದು ಬರೆದರು.

ವಿನಿತಾ ಚೀಲದಿಂದ ಪೆನ್ಸಿಲ್ ತೆಗೆದು ಅಲ್ಲೇ ಕಿಟಕಿಯಲ್ಲಿ ಇನ್ನೊಂದು ಮೊಲ ಗೀಚತೊಡಗಿದಳು. ಡೋರೀನ್ ಅವಳ ಭುಜದ ಹಿಂದೆ ನಿಂತರು. “ಆ ಎರಡನೆಯವಳು ಅಳುವುದು ಬೇಡ. ಅವಳ ಕೈಗೆ ಒಂದು ಬಿಸ್ಕತ್ತು ಕೊಡು.”

“‘ಅತ್ತರು’ ಅಂದಮೇಲೆ ಇಬ್ಬರೂ ಅಳಬೇಕಲ್ಲ,” ಎಂದರು ಪದ್ಮ.

“ಅಲ್ಲಿ ಇದ್ದದ್ದು ಯಾರು, ನೀವೋ ನಾನೋ? ಒಬ್ಬಳು ಅತ್ತಳು. ಒಬ್ಬಳು ಬಿಸ್ಕತ್ತು ತಿಂದಳು.”

ಬಿಸ್ಕತ್ತು ಬಂತು. ಡೋರೀನ್ ಅದನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿ, ಒಪ್ಪಿಗೆ ಪತ್ರವನ್ನು ತಮ್ಮ ಕಡೆ ಎಳೆದುಕೊಂಡರು. ಗೆರೆಯ ಮೇಲೆ ಸಹಿ ಹಾಕಿದರು. ಅದರ ಪಕ್ಕದಲ್ಲೇ ಇನ್ನೊಂದು ಸಹಿ ಹಾಕಿದರು.

ಎರಡು ಸಹಿ ಇದ್ದರೆ ಪತ್ರ ಊರ್ಜಿತವೇ ಎಂದು ಪದ್ಮ ಅವರಿಗೆ ಅನುಮಾನ ಬಂತು. ಕೇಳಬೇಕೆಂದಿದ್ದರು, ಗಿರೀಶ ಮೇಜಿನ ಕೆಳಗೆ ಅವರ ಕಾಲು ಒತ್ತಿದರು.

ಡೋರೀನ್ ಮುಖಪುಟದ ಹಾಳೆ ಎತ್ತಿ, ಕೆಳಗಿನ ಸಾಲಿನ ಕನ್ನಡ ಅಕ್ಷರಗಳ ಮೇಲೆ ಬೆರಳಿಟ್ಟರು. “ಇದು?”

“ನನ್ನ ಹೆಸರು.”

“ನೀವೂ ಇಬ್ಬರಾ?”

ಪದ್ಮ ಅಕ್ಷರಗಳನ್ನು ಇನ್ನೊಮ್ಮೆ ನೋಡಿದರು. ಎರಡೇ ಅಕ್ಷರ, ದೀರ್ಘವಿಲ್ಲ, ‘ವತಿ’ ಇಲ್ಲ, ಸರಿಯಾಗಿತ್ತು.

“ಒಬ್ಬಳೇ,” ಎಂದರು.